ಕ್ಯೋಟೋದಲ್ಲಿ ಒಬ್ಬರೇ, ಒಂದು ನಿಧಾನದ ದಿನ: ಬಟ್ಟೆ, ಅಂಚೆ, ಚಿಲ್ಲರೆ ಮತ್ತು ಸುತ್ತಾಟದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರವಾಸ ಶುರುವಾಗಿ ನಾಲ್ಕೈದು ದಿನ ಕಳೆಯುವಷ್ಟರಲ್ಲಿ ಚೀಲದ ತುಂಬ ಕೊಳೆ ಬಟ್ಟೆ, ಪರ್ಸಿನ ತುಂಬ ಚಿಲ್ಲರೆ, ಜೊತೆಗೆ ಕಾಲುನೋವು. ಆಗ ಇನ್ನೂ ನಾಲ್ಕು ದೇವಾಲಯ ಮುಗಿಸಲು ಓಡುವುದಕ್ಕಿಂತ ಒಂದು ದಿನವನ್ನು ಸಣ್ಣಪುಟ್ಟ ಕೆಲಸಗಳಿಗೂ ಸುಮ್ಮನೆ ತಿರುಗಾಟಕ್ಕೂ ಬಿಟ್ಟುಕೊಡುವುದು ಒಳ್ಳೆಯದು. ಕ್ಯೋಟೋ ಅದಕ್ಕೆ ಹೇಳಿಮಾಡಿಸಿದ ಊರು. ಬೆಲೆಗಳು ಅಂಗಡಿಯಿಂದ ಅಂಗಡಿಗೆ ಸ್ವಲ್ಪ ಆಚೀಚೆ ಆಗುತ್ತವೆ.

ಇದಕ್ಕೆ ಯಾವ ವಾರ ಇಟ್ಟುಕೊಳ್ಳಬೇಕು?

ಗುರುವಾರ ಅಥವಾ ಶುಕ್ರವಾರ. ಶನಿವಾರ, ಭಾನುವಾರ ಸಾಮಾನ್ಯ ಅಂಚೆ ಕಚೇರಿಗಳ ಕೌಂಟರ್ ಮುಚ್ಚಿರುತ್ತದೆ. ಸೋಮವಾರ ಬಹುತೇಕ ಮ್ಯೂಸಿಯಂಗಳಿಗೆ ರಜೆ. ಸೋಮವಾರ ಸರ್ಕಾರಿ ರಜೆ ಬಿದ್ದರೆ ಆ ಬಿಡುವು ಮಂಗಳವಾರಕ್ಕೆ ಜರುಗುತ್ತದೆ. ನಿಶಿಕಿ ಮಾರುಕಟ್ಟೆಯ ಎಷ್ಟೋ ಅಂಗಡಿಗಳು ಬುಧವಾರ ಬಾಗಿಲು ತೆರೆಯುವುದಿಲ್ಲ. ಆದರೆ ತಾರೀಖು 21 ಅಥವಾ 25 ಆಗಿದ್ದರೆ ವಾರದ ಲೆಕ್ಕ ಬಿಟ್ಟುಬಿಡಿ. ಪ್ರತಿ ತಿಂಗಳ 21ರಂದು ತೋಜಿ ದೇವಾಲಯದಲ್ಲಿ, 25ರಂದು ಕಿತಾನೊ ತೆಮ್ಮಾಂಗು ಗುಡಿಯಲ್ಲಿ ಹಳೆ ಸಾಮಾನಿನ ಸಂತೆ ಸೇರುತ್ತದೆ. ಹಳೆ ಕಿಮೋನೊ ಬಟ್ಟೆ, ಬಟ್ಟಲು, ಉಪ್ಪಿನಕಾಯಿ, ಗಿಡದ ಕುಂಡ, ಎಲ್ಲವೂ ಸಿಗುತ್ತದೆ. ಬೆಳಿಗ್ಗೆ ಎಂಟರ ಹೊತ್ತಿಗೆ ಹೋದರೆ ನೂಕುನುಗ್ಗಲು ಇರುವುದಿಲ್ಲ.

ಕೆಲಸಗಳನ್ನು ಯಾವ ಕ್ರಮದಲ್ಲಿ ಮಾಡಿದರೆ ದಿನ ಹಾಳಾಗುವುದಿಲ್ಲ?

ಬಾಗಿಲು ಬೇಗ ಮುಚ್ಚುವ ಕೆಲಸಗಳು ಮೊದಲು, ರಾತ್ರಿಯೂ ಆಗುವ ಕೆಲಸಗಳು ಕೊನೆಗೆ. ಬೆಳಿಗ್ಗೆ ಎಂಟಕ್ಕೆ ಬಟ್ಟೆ ಒಗೆಯಲು ಹಾಕಿ. ಅದು ತಿರುಗುವಾಗ ಪಕ್ಕದಲ್ಲೇ ತಿಂಡಿ ಮುಗಿಸಿ. ಒಂಬತ್ತೂವರೆಯ ಹೊತ್ತಿಗೆ ಸೂಟ್‌ಕೇಸ್ ಮುಂದಿನ ಊರಿಗೆ ಕಳಿಸುವ ಏರ್ಪಾಟು, ಆಮೇಲೆ ಅಂಚೆ ಕಚೇರಿ. ಮಧ್ಯಾಹ್ನದ ಊಟಕ್ಕೆ ಒಂದೂವರೆಯೊಳಗೆ ಕುಳಿತುಬಿಡಿ; ಸಣ್ಣ ಹೋಟೆಲುಗಳು ಎರಡರ ಸುಮಾರಿಗೆ ಮುಚ್ಚಿದರೆ ಮತ್ತೆ ತೆರೆಯುವುದು ಐದಕ್ಕೇ. ಊಟದಿಂದ ಸಂಜೆಯವರೆಗೆ ಏನನ್ನೂ ಗೊತ್ತುಮಾಡಿಕೊಳ್ಳಬೇಡಿ. ಈ ದಿನದ ಸಾರವೇ ಆ ನಾಲ್ಕು ಗಂಟೆ. ಸೂಪರ್‌ಮಾರ್ಕೆಟ್, ಔಷಧಿ ಅಂಗಡಿ, ಸ್ನಾನದ ಮನೆಗಳನ್ನೆಲ್ಲ ಕತ್ತಲಾದ ಮೇಲೂ ಮುಗಿಸಬಹುದು.

ಬಟ್ಟೆ ಒಗೆಯುವುದು ಹೇಗೆ? ಎಷ್ಟು ಹೊತ್ತು, ಎಷ್ಟು ಖರ್ಚು?

ಹೋಟೆಲಿನಲ್ಲೇ ಯಂತ್ರ ಇದ್ದರೆ ಅದನ್ನೇ ಬಳಸಿ, ಆದರೆ ರಾತ್ರಿ ಎಂಟರಿಂದ ಹನ್ನೊಂದರವರೆಗೆ ಅಲ್ಲಿ ಸರದಿ ಸಿಗುವುದು ಕಷ್ಟ. ಬೆಳಗಿನ ಹೊತ್ತು ಖಾಲಿ ಇರುತ್ತದೆ. ಇಲ್ಲದಿದ್ದರೆ ಬೀದಿಯ ಕಾಯಿನ್ ಲಾಂಡ್ರಿ ಇದ್ದೇ ಇದೆ. ಅಲ್ಲಿ ಆಳು ಇರುವುದಿಲ್ಲ, ಎಲ್ಲವೂ ನಾಣ್ಯದಿಂದಲೇ ನಡೆಯುತ್ತದೆ. ಒಗೆಯುವುದಕ್ಕೆ ಸಾಮಾನ್ಯವಾಗಿ 300ರಿಂದ 600 ಯೆನ್, ಒಣಗಿಸುವುದಕ್ಕೆ ಎಂಟು-ಹತ್ತು ನಿಮಿಷಕ್ಕೆ 100 ಯೆನ್. ಒಬ್ಬರ ನಾಲ್ಕೈದು ದಿನದ ಬಟ್ಟೆಗೆ ಒಟ್ಟು 700ರಿಂದ 1,000 ಯೆನ್, ಒಂದೂಕಾಲು ಗಂಟೆ ಹಿಡಿಯುತ್ತದೆ.

ಹೋಗುವ ಮೊದಲು ಹತ್ತು 100 ಯೆನ್ ನಾಣ್ಯ ಜೋಡಿಸಿಟ್ಟುಕೊಳ್ಳಿ. ಕೆಲವೆಡೆ 1,000 ಯೆನ್ ನೋಟಿಗೆ ಚಿಲ್ಲರೆ ಕೊಡುವ ಯಂತ್ರ ಇರುತ್ತದೆ, ಎಲ್ಲ ಕಡೆ ಇರುವುದಿಲ್ಲ. ಬಟ್ಟೆಯನ್ನು ಡ್ರಮ್ಮಿನ ಮುಕ್ಕಾಲು ಭಾಗಕ್ಕಿಂತ ಹೆಚ್ಚು ತುರುಕಬೇಡಿ. ನೀರು ಆಡಲು ಜಾಗ ಇಲ್ಲದಿದ್ದರೆ ಬೆವರಿನ ವಾಸನೆ ಹಾಗೇ ಉಳಿಯುತ್ತದೆ. ಸೋಪಿನ ಪುಡಿ ಹಾಕುವ ಮುನ್ನ ಯಂತ್ರದ ಮೇಲಿನ ಚಿತ್ರ ನೋಡಿ. ಹೊಸ ಯಂತ್ರಗಳಲ್ಲಿ ಸೋಪು ತಾನಾಗಿ ಬೀಳುತ್ತದೆ. ಅದರ ಮೇಲೆ ನೀವೂ ಹಾಕಿದರೆ ನೊರೆ ಹೋಗದೆ ಬಟ್ಟೆ ಅಂಟಂಟಾಗುತ್ತದೆ. ಸಂದೇಹ ಇದ್ದರೆ ಫೋನಿನ ಕ್ಯಾಮೆರಾ ಅನುವಾದವನ್ನು ಹಿಡಿದು ಫಲಕ ಓದಿ.

ಹೆಚ್ಚಿನವರು ಎಡವುವುದು ಒಣಗಿಸುವಾಗ. ಗ್ಯಾಸಿನ ಯಂತ್ರಗಳ ಶಾಖ ಜೋರು. ಉಣ್ಣೆ ಕುಗ್ಗುತ್ತದೆ, ರೇಷ್ಮೆ ಹಾಳಾಗುತ್ತದೆ, ಟೀ ಶರ್ಟಿನ ಮೇಲಿನ ಅಚ್ಚು ಬಿರುಕು ಬಿಡುತ್ತದೆ. ಅಂಥವನ್ನು ಹೊರಗಿಟ್ಟು ರೂಮಿನಲ್ಲೇ ಹ್ಯಾಂಗರಿಗೆ ಹಾಕಿ. ಉಳಿದವಕ್ಕೆ ಮೊದಲು 300 ಯೆನ್ ಹಾಕಿ, ಮುಗಿದ ಮೇಲೆ ಜೀನ್ಸಿನ ಸೊಂಟಪಟ್ಟಿ, ಜೇಬಿನ ಒಳಬಟ್ಟೆ ಮುಟ್ಟಿ ನೋಡಿ. ಒದ್ದೆ ಉಳಿಯುವುದು ಅಲ್ಲೇ. ತೆಳು ಬಟ್ಟೆ ತೆಗೆದು, ದಪ್ಪದ್ದಕ್ಕೆ ಮಾತ್ರ ಇನ್ನೊಂದು 100 ಯೆನ್ ಹಾಕಿದರೆ ಸಾಕು. ಫೋನಿನಲ್ಲಿ ಅಲಾರಂ ಇಟ್ಟುಕೊಳ್ಳಿ. ಯಂತ್ರ ನಿಂತ ಮೇಲೂ ನೀವು ಬಾರದಿದ್ದರೆ ಕಾಯುತ್ತಿರುವವರು ನಿಮ್ಮ ಬಟ್ಟೆಯನ್ನು ಬುಟ್ಟಿಗೆ ಹಾಕಿ ತಮ್ಮದನ್ನು ತುಂಬುವುದುಂಟು.

ದುಡ್ಡು ಎಲ್ಲಿ ತೆಗೆಯಲಿ? ಚಿಲ್ಲರೆ ಹೇಗೆ ಹೊಂದಿಸಲಿ?

ಸೆವೆನ್ ಇಲೆವೆನ್ ಅಂಗಡಿಯೊಳಗಿನ ಎಟಿಎಂ ಮತ್ತು ಅಂಚೆ ಕಚೇರಿಯ ಎಟಿಎಂ, ಎರಡೂ ಹೊರದೇಶದ ಕಾರ್ಡು ತೆಗೆದುಕೊಳ್ಳುತ್ತವೆ, ಇಂಗ್ಲಿಷ್ ತೋರಿಸುತ್ತವೆ. ಭಾರತದ ಕಾರ್ಡಿನಲ್ಲಿ ವಿದೇಶಿ ವಹಿವಾಟು ಮೊದಲೇ ಚಾಲೂ ಇರುವುದಿಲ್ಲ. ಬ್ಯಾಂಕಿನ ಆ್ಯಪಿನಲ್ಲಿ ಊರಿನಿಂದ ಹೊರಡುವ ಮುಂಚೆಯೇ ಅದನ್ನು ಆನ್ ಮಾಡಿ, ಎಟಿಎಂ ಮಿತಿಯನ್ನೂ ನೋಡಿಕೊಳ್ಳಿ. ಒಟಿಪಿ ಬರಬೇಕಾದರೆ ಭಾರತದ ಸಿಮ್ ರೋಮಿಂಗಿನಲ್ಲಿ ಬದುಕಿರಬೇಕು. ಯಂತ್ರವೋ ಅಂಗಡಿಯವರೋ ರೂಪಾಯಿಯಲ್ಲಿ ಲೆಕ್ಕ ಹಾಕಲೇ ಎಂದು ಕೇಳಿದರೆ ಬೇಡ ಎನ್ನಿ, ಯೆನ್ ಆಯ್ದುಕೊಳ್ಳಿ. ರೂಪಾಯಿ ಲೆಕ್ಕದಲ್ಲಿ ವಿನಿಮಯ ದರ ನಿಮಗೆ ನಷ್ಟವೇ.

ಎಟಿಎಂನಿಂದ 10,000 ಯೆನ್ ನೋಟು ಬಂದರೆ ಅದನ್ನು ಬಸ್ಸಿನಲ್ಲಿ ಮುರಿಸಲಾಗದು. ಸುಲಭದ ದಾರಿ ಇದು: ರೈಲು ನಿಲ್ದಾಣದಲ್ಲಿ ಇಕೋಕಾ ಕಾರ್ಡ್ (ರೈಲು, ಬಸ್ಸಿನಲ್ಲಿ ತಾಗಿಸಿ ಹಣ ಕೊಡುವ ಕಾರ್ಡು) ರೀಚಾರ್ಜ್ ಮಾಡುವ ಯಂತ್ರಕ್ಕೆ ಆ ನೋಟು ಹಾಕಿ, 1,000 ಯೆನ್ ಮಾತ್ರ ತುಂಬಿಸಿ, ಉಳಿದದ್ದನ್ನು ವಾಪಸ್ ಪಡೆಯಿರಿ. ಕಾರ್ಡೂ ತುಂಬಿತು, ಸಣ್ಣ ನೋಟೂ ಬಂತು.

2024ರ ಜುಲೈ 3ರಿಂದ ಹೊಸ ವಿನ್ಯಾಸದ ನೋಟುಗಳು ಚಲಾವಣೆಗೆ ಬಂದಿವೆ. 2021ರ ನವೆಂಬರಿನಲ್ಲಿ ಎರಡು ಬಣ್ಣದ ಹೊಸ 500 ಯೆನ್ ನಾಣ್ಯ ಬಂತು. ಹಳೆಯ ನೂಡಲ್ಸ್ ಅಂಗಡಿಯ ಟಿಕೆಟ್ ಯಂತ್ರ, ಹಳೆಯ ಲಾಂಡ್ರಿ ಯಂತ್ರ ಇವನ್ನು ಉಗುಳುವುದುಂಟು. ನೋಟು ಮತ್ತೆ ಮತ್ತೆ ಹಿಂದಕ್ಕೆ ಬಂದರೆ ಅದು ನಿಮ್ಮ ತಪ್ಪಲ್ಲ. ಒಳಗಿನವರಿಗೆ ತೋರಿಸಿ, ಬದಲಿಸಿ ಕೊಡುತ್ತಾರೆ.

ಊರಿಗೆ ಪೋಸ್ಟ್‌ಕಾರ್ಡ್ ಕಳಿಸಬೇಕು. ಹೇಗೆ?

ಕೌಂಟರ್ ಸಾಮಾನ್ಯವಾಗಿ ಸೋಮವಾರದಿಂದ ಶುಕ್ರವಾರ, ಬೆಳಿಗ್ಗೆ 9ರಿಂದ ಸಂಜೆ 5. ವಿಮಾನ ಅಂಚೆಯಲ್ಲಿ ಪೋಸ್ಟ್‌ಕಾರ್ಡಿಗೆ ಯಾವ ದೇಶವಾದರೂ 100 ಯೆನ್. ವಿಳಾಸ ಇಂಗ್ಲಿಷಿನಲ್ಲಿ ಬರೆಯಿರಿ; ಪಿನ್‌ಕೋಡ್ ಬಿಡಬೇಡಿ, ಕೊನೆಯ ಸಾಲಿನಲ್ಲಿ ಇಂಡಿಯಾ ಎಂದು ದೊಡ್ಡಕ್ಷರದಲ್ಲಿ ಬರೆದು ಕೆಳಗೆ ಗೆರೆ ಎಳೆಯಿರಿ. ಏರ್ ಮೇಲ್ ಎಂದೂ ಬರೆಯಬೇಕು. ವಿಳಾಸದ ಭಾಗದಲ್ಲಿ ಕನ್ನಡದಲ್ಲಿ ಬರೆದರೆ ಜಪಾನಿನಲ್ಲಿ ವಿಂಗಡಿಸುವವರಿಗೆ ತಿಳಿಯುವುದಿಲ್ಲ. ಒಕ್ಕಣೆ ಮಾತ್ರ ಧಾರಾಳವಾಗಿ ಕನ್ನಡದಲ್ಲೇ ಇರಲಿ.

ಬೀದಿಯ ಕೆಂಪು ಡಬ್ಬಿಗೆ ಹಾಕುವುದಾದರೆ ಎರಡು ಬಾಯಿ ಇರುವುದನ್ನು ಗಮನಿಸಿ. ಎಡಗಡೆಯದು ದೇಶದೊಳಗಿನ ಪತ್ರಗಳಿಗೆ. ಹೊರದೇಶದ್ದು, ತುರ್ತು ಅಂಚೆ, ದೊಡ್ಡ ಲಕೋಟೆ ಎಲ್ಲ ಬಲಗಡೆಯದಕ್ಕೆ.

ಸೂಟ್‌ಕೇಸ್ ಎಳೆದುಕೊಂಡು ತಿರುಗದೆ ಮುಂದಿನ ಊರಿಗೆ ಕಳಿಸಬಹುದೇ?

ಕಳಿಸಬಹುದು, ಕಳಿಸಿಯೇ ಬಿಡಿ. ಕಪ್ಪು ಬೆಕ್ಕಿನ ಗುರುತಿರುವ ಯಾಮಾತೊ ಸಂಸ್ಥೆ 1976ರಿಂದ ಮನೆಬಾಗಿಲಿಗೆ ಸಾಮಾನು ತಲುಪಿಸುತ್ತಿದೆ. ಹೆಚ್ಚಿನ ಹೋಟೆಲುಗಳ ಕೌಂಟರಿನಲ್ಲೇ ತೆಗೆದುಕೊಳ್ಳುತ್ತಾರೆ. ಸೆವೆನ್ ಇಲೆವೆನ್, ಫ್ಯಾಮಿಲಿ ಮಾರ್ಟ್ ಅಂಗಡಿಗಳಲ್ಲೂ ಕೊಡಬಹುದು. ಬೆಲೆ ಗೊತ್ತಾಗುವುದು ಉದ್ದ, ಅಗಲ, ಎತ್ತರ ಕೂಡಿಸಿದ ಸೆಂಟಿಮೀಟರಿನಿಂದ, ಜೊತೆಗೆ ತೂಕದ ಮಿತಿ: ಒಟ್ಟು 120ರೊಳಗೆ ಇದ್ದರೆ 15 ಕಿಲೋ, 140ಕ್ಕೆ 20, 160ಕ್ಕೆ 25. ಚಕ್ರ, ಹಿಡಿಯನ್ನೂ ಸೇರಿಸಿ ಅಳೆಯುತ್ತಾರೆ.

ಚೀಟಿಯಲ್ಲಿ ಮುಂದಿನ ಹೋಟೆಲಿನ ಹೆಸರು, ವಿಳಾಸ, ಫೋನ್ ಸಂಖ್ಯೆ, ಯಾರ ಹೆಸರಿನಲ್ಲಿ ರೂಮು ಕಾದಿರಿಸಿದೆ, ಯಾವ ದಿನ ಸೇರುತ್ತೀರಿ, ಇಷ್ಟೂ ಇರಬೇಕು. ಕಾದಿರಿಸಿದ ಹೆಸರಿಗೂ ಚೀಟಿಯ ಹೆಸರಿಗೂ ಹೊಂದದಿದ್ದರೆ ಅಲ್ಲಿ ಗೊಂದಲವಾಗುತ್ತದೆ. ಕ್ಯೋಟೋದಿಂದ ಟೋಕಿಯೋಗೆ ಸಾಮಾನ್ಯವಾಗಿ ಮರುದಿನ ತಲುಪುತ್ತದೆ. ವಿಮಾನ ನಿಲ್ದಾಣಕ್ಕಾದರೆ ಕನಿಷ್ಠ ಎರಡು ದಿನ ಮುಂಚೆ ಕೊಡಿ. ನಕಲು ಚೀಟಿಯಲ್ಲಿ 12 ಅಂಕಿಯ ಸಂಖ್ಯೆ ಇರುತ್ತದೆ, ಅದರ ಫೋಟೋ ತೆಗೆದಿಟ್ಟುಕೊಳ್ಳಿ. ಪಾಸ್‌ಪೋರ್ಟ್, ನಗದು, ದಿನದ ಮಾತ್ರೆ, ಪವರ್ ಬ್ಯಾಂಕ್, ಒಂದು ಜೊತೆ ಬಟ್ಟೆ ನಿಮ್ಮ ಕೈಚೀಲದಲ್ಲೇ ಇರಲಿ.

ಇನ್ನೊಂದು ಲಾಭ: ಟೋಕಿಯೋ ಕಡೆಯ ಶಿಂಕಾನ್ಸೆನ್ ಬುಲೆಟ್ ರೈಲಿನಲ್ಲಿ ಮೂರೂ ಅಳತೆ ಕೂಡಿ 160 ಸೆಂ.ಮೀ. ದಾಟುವ ಸಾಮಾನಿಗೆ ಮೊದಲೇ ಅದಕ್ಕೆಂದಿರುವ ಸೀಟು ಕಾದಿರಿಸಬೇಕು, ಇಲ್ಲದಿದ್ದರೆ 1,000 ಯೆನ್ ದಂಡ. ಸಾಮಾನು ಮುಂದೆ ಹೋಗಿದ್ದರೆ ಆ ಚಿಂತೆಯೇ ಇಲ್ಲ.

ನಾನು ಸಸ್ಯಾಹಾರಿ. ಈ ದಿನ ಏನು ತಿನ್ನಲಿ?

ಮಾಂಸಕ್ಕಿಂತ ದೊಡ್ಡ ತೊಡಕು ದಾಶಿ. ಒಣಗಿಸಿದ ಕತ್ಸುಒ ಮೀನಿನ ತೆಳು ತುರಿ, ಕೊಂಬು ಎಂಬ ಸಮುದ್ರದ ಪಾಚಿ ಹಾಕಿ ತೆಗೆದ ಈ ಸಾರು ಮಿಸೊ ಸೂಪು, ಉದೊನ್ ನೂಡಲ್ಸು, ಬೇಯಿಸಿದ ತರಕಾರಿ, ಮೊಟ್ಟೆಯ ಪಲ್ಯ ಎಲ್ಲದರಲ್ಲೂ ಸೇರಿರುತ್ತದೆ. ಕಣ್ಣಿಗೆ ಕಾಣದ ಕಾರಣ ಬಡಿಸುವವರೇ ಅದನ್ನು ಮೀನು ಎಂದು ಲೆಕ್ಕಕ್ಕೆ ಹಿಡಿಯದಿರಬಹುದು. ಇನಾರಿ ಸುಶಿಯ ಹೊರಗಿನ ತೋಫು ಚೀಲವನ್ನೂ ಬಹುಪಾಲು ದಾಶಿಯಲ್ಲೇ ಕುದಿಸಿರುತ್ತಾರೆ. ಆದ್ದರಿಂದ ಎರಡು ಮಾತು ಬಾಯಿಪಾಠ ಮಾಡಿ: "ನಿಕು ಮೊ ಸಕಾನಾ ಮೊ ತಾಬೆಮಾಸೆನ್", ಅಂದರೆ ಮಾಂಸ, ಮೀನು ಎರಡೂ ತಿನ್ನುವುದಿಲ್ಲ, "ಕತ್ಸುಒ ದಾಶಿ ಮೊ ದಾಮೆ ದೆಸು", ಅಂದರೆ ಮೀನಿನ ಸಾರೂ ಆಗದು. ಫೋನಿನಲ್ಲಿ ಜಪಾನಿ ಲಿಪಿಯಲ್ಲಿ ಬರೆದಿಟ್ಟು ತೋರಿಸಿದರೆ ಇನ್ನೂ ಖಚಿತ.

ಕ್ಯೋಟೋ ಈ ವಿಷಯದಲ್ಲಿ ಬೇರೆ ಊರುಗಳಿಗಿಂತ ಸಲೀಸು. ದೇವಾಲಯಗಳ ಸುತ್ತ ಬೌದ್ಧ ಸನ್ಯಾಸಿಗಳ ಶೋಜಿನ್ ಅಡುಗೆ ಸಿಗುತ್ತದೆ, ಅದರಲ್ಲಿ ಮೀನು ಮಾಂಸ ಇರುವುದಿಲ್ಲ, ಸಾರು ಕೊಂಬು ಮತ್ತು ಒಣ ಅಣಬೆಯದು. ಬೆಲೆ ಮಾತ್ರ ಏರು. ಬಿಸಿನೀರಿನಲ್ಲಿ ಬೇಯಿಸಿದ ತೋಫು, ಅಂದರೆ ಯುದೋಫು, ಇನ್ನೊಂದು ಆಯ್ಕೆ, ಆದರೆ ಪಕ್ಕದ ಅದ್ದುವ ಸಾಸಿನಲ್ಲಿ ಮೀನಿನ ಸಾರು ಇದೆಯೇ ಎಂದು ಕೇಳಬೇಕು. ದಿನನಿತ್ಯದ ಖರ್ಚಿಗೆ ಸೂಪರ್‌ಮಾರ್ಕೆಟ್ ಉತ್ತಮ: ಬಾಳೆಹಣ್ಣು, ಮೊಸರು, ತೋಫು, ಹುರಿದ ಸಿಹಿಗೆಣಸು, ಮೈಕ್ರೋವೇವಿನಲ್ಲಿ ಎರಡು ನಿಮಿಷದಲ್ಲಿ ಬಿಸಿಯಾಗುವ ಅನ್ನದ ಡಬ್ಬಿ. ಊರಿಂದ ತಂದ ಚಟ್ನಿಪುಡಿ ಇದ್ದರೆ ಅನ್ನ, ಮೊಸರು ಸೇರಿ ಒಂದು ಹೊತ್ತಿನ ಊಟ ಮುಗಿದೇ ಹೋಯಿತು. ಹಸಿ ಕರಿಬೇವು, ಹಣ್ಣು ಮಾತ್ರ ತರಬೇಡಿ. ತಪಾಸಣೆಯ ಪ್ರಮಾಣಪತ್ರ ಇಲ್ಲದ ಹಸಿ ಸೊಪ್ಪು, ಹಣ್ಣನ್ನು ಜಪಾನಿನೊಳಗೆ ಬಿಡುವುದಿಲ್ಲ. ಅಂಗಡಿಯ ಒನಿಗಿರಿ ಎಂಬ ಅನ್ನದ ಉಂಡೆಗಳಲ್ಲಿ ಉಮೆ ಎಂಬ ಹುಳಿ ಕಾಯಿಯದ್ದನ್ನು, ಕೊಂಬುವಿನದ್ದನ್ನು ಹುಡುಕಿ. ಅದರಲ್ಲೂ ರುಚಿಗೆ ಮೀನಿನ ಅಂಶ ಬೆರೆಸಿರುವುದುಂಟು, ಹಿಂಬದಿಯ ಚೀಟಿ ಓದಿಯೇ ತೆಗೆದುಕೊಳ್ಳಿ.

ಗೊತ್ತುಗುರಿ ಇಲ್ಲದೆ ತಿರುಗಿದರೆ ದಾರಿ ತಪ್ಪುವುದಿಲ್ಲವೇ?

ಕ್ಯೋಟೋದ ನಡುಭಾಗದಲ್ಲಿ ದಾರಿ ತಪ್ಪುವುದು ಕಷ್ಟ. ಬೀದಿಗಳು ಚೌಕಾಬಾರದ ಮನೆಯಂತೆ ಅಡ್ಡ, ಉದ್ದ ಹಾಯ್ದಿವೆ. ಉತ್ತರ, ಪೂರ್ವ, ಪಶ್ಚಿಮಕ್ಕೆ ಬೆಟ್ಟ. ದಕ್ಷಿಣ ಮಾತ್ರ ಬಯಲು. ಕಾಮೊ ನದಿ ಉತ್ತರದಿಂದ ದಕ್ಷಿಣಕ್ಕೆ ಹರಿಯುತ್ತದೆ. ತಲೆ ಎತ್ತಿ ಬೆಟ್ಟ ನೋಡಿದರೆ ದಿಕ್ಕು ಸಿಕ್ಕಿತು.

ಇಲ್ಲಿನ ವಿಳಾಸ ಕೂಡ ಇದೇ ಲೆಕ್ಕದ ಮೇಲೆ ನಿಂತಿದೆ. ಮೊದಲು ಎರಡು ಬೀದಿಗಳ ಹೆಸರು, ಆಮೇಲೆ ಆ ಕೂಡುರಸ್ತೆಯಿಂದ ಯಾವ ಕಡೆ: ಅಗಾರು ಎಂದರೆ ಉತ್ತರಕ್ಕೆ, ಸಾಗಾರು ದಕ್ಷಿಣಕ್ಕೆ, ಹಿಗಾಶಿ ಇರು ಪೂರ್ವಕ್ಕೆ, ನಿಶಿ ಇರು ಪಶ್ಚಿಮಕ್ಕೆ. 1940ರಲ್ಲಿ ಶುರುವಾದ ಇನೋದಾ ಕಾಫಿಯ ಮುಖ್ಯ ಅಂಗಡಿ ಸಕಾಯಿಮಾಚಿ ಬೀದಿ, ಸಾಂಜೊ ಸಾಗಾರು. ಅಂದರೆ ಸಕಾಯಿಮಾಚಿ ಬೀದಿಯ ಮೇಲೆ, ಸಾಂಜೊ ಬೀದಿ ದಾಟಿ ದಕ್ಷಿಣಕ್ಕೆ ನಡೆದರೆ ಸಿಗುತ್ತದೆ. ಓಇಕೆ ಬೀದಿಯಿಂದ ದಕ್ಷಿಣಕ್ಕೆ ಅಡ್ಡಬೀದಿಗಳು ಸಾಲಾಗಿ ಅನೆಕೋಜಿ, ಸಾಂಜೊ, ರೊಕ್ಕಾಕು, ತಾಕೊಯಾಕುಶಿ, ನಿಶಿಕಿಕೋಜಿ, ಶಿಜೊ. ಈ ಆರು ಹೆಸರು ನೆನಪಿದ್ದರೆ ಮಧ್ಯಾಹ್ನವಿಡೀ ಫೋನು ಜೇಬಿನಲ್ಲೇ ಇರಬಹುದು.

ಎಲ್ಲಿಂದ ಶುರುಮಾಡಲಿ ಎನ್ನುವವರಿಗೆ ತೆರಾಮಾಚಿ ಬೀದಿ, ಮಾರುತಾಮಾಚಿಯಿಂದ ದಕ್ಷಿಣಕ್ಕೆ. ಓಇಕೆವರೆಗಿನ ಭಾಗ ಶಾಂತವಾಗಿದೆ: ಚಹಾ, ಕಾಗದ, ಹಳೆ ಸಾಮಾನಿನ ಅಂಗಡಿಗಳು. 1717ರ ಇಪ್ಪೊದೊ ಚಹಾ ಅಂಗಡಿ ಇಲ್ಲಿದೆ. ಅನೆಕೋಜಿಯ ಹತ್ತಿರ 1663ರ ಕ್ಯೂಕ್ಯೋದೊ, ಅಗರಬತ್ತಿಗೂ ಕಾಗದಕ್ಕೂ ಹೆಸರಾದದ್ದು. ಕೆಳಗೆ ಹೋದಂತೆ ಮೇಲೆ ಮಾಡು ಹೊದೆಸಿದ ಅಂಗಡಿ ಸಾಲು ಶುರುವಾಗುತ್ತದೆ, ಅಲ್ಲಿಂದ ನಿಶಿಕಿಗೆ ಒಳದಾರಿ ಇದೆ. ನಿಶಿಕಿಯಲ್ಲಿ ಕೊಂಡದ್ದನ್ನು ಕೊಂಡ ಅಂಗಡಿಯ ಮುಂದೆಯೇ ತಿಂದು ಮುಗಿಸಬೇಕು, ನಡೆಯುತ್ತ ತಿನ್ನುವಂತಿಲ್ಲ. ಗಿಯೋನ್ ಎಂಬ ಹಳೆ ಬಡಾವಣೆಯ ಖಾಸಗಿ ಓಣಿಗಳಲ್ಲಿ ಪ್ರವೇಶವಿಲ್ಲ ಎಂಬ ಫಲಕ ಕಂಡರೆ ತಿರುಗಿ ಬನ್ನಿ. ಅಲ್ಲಿ 10,000 ಯೆನ್ ದಂಡ ಎಂದೇ ಬರೆದಿರುತ್ತಾರೆ, ಒಳಗಿರುವುದು ಜನರ ಮನೆಬಾಗಿಲು.

ನಡೆದು ಸಾಕಾದರೆ ಬಸ್ಸು ಹತ್ತುವುದು ಹೇಗೆ?

ಹಿಂದಿನ ಬಾಗಿಲಲ್ಲಿ ಹತ್ತಿ, ಮುಂದಿನ ಬಾಗಿಲಲ್ಲಿ ಇಳಿಯುವಾಗ ಹಣ ಕೊಡಿ. ನಗರದ ಬಹುಭಾಗದಲ್ಲಿ ಎಲ್ಲಿಂದ ಎಲ್ಲಿಗಾದರೂ 230 ಯೆನ್. ಡ್ರೈವರ್ ಪಕ್ಕದ ಪೆಟ್ಟಿಗೆಗೆ ಸರಿಯಾದ ಮೊತ್ತವನ್ನೇ ಹಾಕಬೇಕು. 1,000 ಯೆನ್ ನೋಟಿದ್ದರೆ ಅದೇ ಪೆಟ್ಟಿಗೆಯಲ್ಲಿ ಮೊದಲು ಚಿಲ್ಲರೆ ಮಾಡಿಕೊಂಡು ಆಮೇಲೆ ಹಾಕಿ. ಇಕೋಕಾ ಇದ್ದರೆ ತಾಗಿಸಿದರಾಯಿತು. ಬಸ್ಸಿಗೆ ಮಾತ್ರದ ಒಂದು ದಿನದ ಪಾಸು ಈಗ ಇಲ್ಲ. ಮೆಟ್ರೊ, ಬಸ್ಸು ಸೇರಿದ್ದು 1,100 ಯೆನ್. ಐದು ಬಾರಿ ಹತ್ತಿಳಿಯದ ಹೊರತು ಅದು ಗಿಟ್ಟುವುದಿಲ್ಲ, ಈ ದಿನಕ್ಕಂತೂ ಬೇಡ.

ನದಿ ದಡದಲ್ಲಿ ಕೂತು ತಿನ್ನಬಹುದೇ?

ಕೂರಬಹುದು. ತಿನ್ನುವಾಗ ಹದ್ದುಗಳ ಬಗ್ಗೆ ಎಚ್ಚರ. ಅವು ಎದುರಿನಿಂದ ಬರುವುದಿಲ್ಲ, ಬೆನ್ನ ಹಿಂದಿನಿಂದ ಸದ್ದಿಲ್ಲದೆ ಎರಗಿ ಕೈಯಲ್ಲಿದ್ದ ಬ್ರೆಡ್ಡನ್ನು ಕಿತ್ತೊಯ್ಯುತ್ತವೆ, ಉಗುರು ತಾಗಿ ಗಾಯವೂ ಆಗುತ್ತದೆ. ಮರದ ಕೆಳಗೆ ಅಥವಾ ಗೋಡೆಗೆ ಒರಗಿ ಕೂತು, ತಿಂಡಿಯನ್ನು ಪೊಟ್ಟಣದಲ್ಲೇ ಮುಚ್ಚಿಟ್ಟುಕೊಂಡು ತಿನ್ನಿ. ಕಾಮೊ, ತಾಕಾನೊ ನದಿಗಳು ಕೂಡುವ ದೆಮಾಚಿಯಾನಾಗಿಯಲ್ಲಿ ನೀರು ದಾಟಲು ಆಮೆಯಾಕಾರದ ಕಲ್ಲುಗಳಿವೆ. ಮಳೆ ಬಂದ ಮರುದಿನ ಅವುಗಳ ಮೇಲೆ ಕಾಲಿಡಬೇಡಿ. ಹತ್ತಿರದಲ್ಲೇ 1899ರ ದೆಮಾಚಿ ಫುತಾಬಾ ಅಂಗಡಿಯ ಮಾಮೆ ಮೋಚಿ: ಕಾಳು ಸೇರಿದ ಅಕ್ಕಿಯ ಹೊದಿಕೆ, ಒಳಗೆ ಬೆಲ್ಲದ ಬಣ್ಣದ ಕಾಳಿನ ಹೂರಣ. ಅಂದೇ ತಿನ್ನಬೇಕು, ಮರುದಿನಕ್ಕೆ ಗಟ್ಟಿಯಾಗುತ್ತದೆ. ಮಂಗಳವಾರ ರಜೆ.

ಕಸ ಎಲ್ಲಿ ಹಾಕಲಿ? ಶೌಚಾಲಯ?

ಬೀದಿಯಲ್ಲಿ ಕಸದ ಡಬ್ಬಿ ಅಪರೂಪ. ಒಂದು ಪ್ಲಾಸ್ಟಿಕ್ ಚೀಲ ಜೊತೆಗಿರಲಿ, ರೂಮಿಗೆ ತಂದು ಹಾಕಿ. ಶೌಚಾಲಯ ರೈಲು ನಿಲ್ದಾಣ, ದೊಡ್ಡ ಅಂಗಡಿಗಳಲ್ಲಿ ಉಚಿತ, ಸ್ವಚ್ಛ. ಕೈ ಒರೆಸಲು ಕಾಗದ ಇರದಿರಬಹುದು, ಕರವಸ್ತ್ರ ಬೇಕೇ ಬೇಕು.

ಚಾಕು ಕೊಂಡರೆ ತೊಂದರೆಯಿದೆಯೇ?

ನಿಶಿಕಿಯ 1560ರ ಅರಿತ್ಸುಗು ಅಂಗಡಿಯಿಂದ ಅಡುಗೆ ಚಾಕು ಕೊಳ್ಳುವವರು ಬಹಳ. ಅಂಗಡಿಯವರು ಕಟ್ಟಿಕೊಟ್ಟ ಪೊಟ್ಟಣವನ್ನು ಬಿಚ್ಚದೆ ನೇರ ರೂಮಿಗೆ ಒಯ್ಯಿರಿ. 6 ಸೆಂ.ಮೀ. ಮೀರಿದ ಅಲಗನ್ನು ತಕ್ಕ ಕಾರಣವಿಲ್ಲದೆ ಹೊತ್ತು ತಿರುಗುವುದು ಅಪರಾಧ. ವಿಮಾನದಲ್ಲಿ ಚೆಕ್ ಇನ್ ಸಾಮಾನಿನಲ್ಲೇ ಇಡಬೇಕು.

ಶೀತ, ತಲೆನೋವಿಗೆ ಮಾತ್ರೆ ಊರಿಂದಲೇ ಒಯ್ಯಲೇ?

ಒಳಗಿನ ಅಂಶ ಓದಿ ಒಯ್ಯಿರಿ. ಸ್ಯೂಡೋಎಫೆಡ್ರಿನ್ ಶೇ. 10ಕ್ಕಿಂತ ಹೆಚ್ಚಿರುವ ಶೀತದ ಮಾತ್ರೆ ಜಪಾನಿನಲ್ಲಿ ನಿಷಿದ್ಧ, ನಿಮ್ಮ ಸ್ವಂತ ಬಳಕೆಗೂ ತರುವಂತಿಲ್ಲ. ಪ್ಯಾರಾಸಿಟಮಾಲ್ ಅಲ್ಲಿ ಅಸೆಟಮಿನೊಫೆನ್ ಎಂಬ ಹೆಸರಿನಲ್ಲಿ ಸುಲಭವಾಗಿ ಸಿಗುತ್ತದೆ. ಕೆಲವು ಔಷಧಿಗಳನ್ನು ಫಾರ್ಮಸಿಸ್ಟ್ ಇರುವ ಹೊತ್ತಿನಲ್ಲಿ ಮಾತ್ರ ಮಾರುತ್ತಾರೆ, ಹಾಗಾಗಿ ತಡರಾತ್ರಿಗೆ ಬಿಡಬೇಡಿ.

ಸಂಜೆ ಸೆಂತೊ ಸ್ನಾನದ ಮನೆಗೆ ಹೋಗುವ ಆಸೆ, ಆದರೆ ಸಂಕೋಚ. ಏನು ಮಾಡಲಿ?

ದಿನವಿಡೀ ನಡೆದ ಕಾಲಿಗೆ ಇದಕ್ಕಿಂತ ಒಳ್ಳೆಯ ಮದ್ದಿಲ್ಲ, ಖರ್ಚು ಸುಮಾರು 500 ಯೆನ್. ಗಂಡಸರಿಗೆ, ಹೆಂಗಸರಿಗೆ ಪೂರಾ ಬೇರೆ ಬೇರೆ ಭಾಗ. ಒಳಗೆ ಎಲ್ಲರೂ ಬಟ್ಟೆಯಿಲ್ಲದೆ ಇರುತ್ತಾರೆ, ಈಜುಡುಗೆ ಹಾಕುವಂತಿಲ್ಲ. ಯಾರೂ ಯಾರನ್ನೂ ನೋಡುತ್ತ ಕೂರುವುದಿಲ್ಲ, ಆ ಭರವಸೆ ಇರಲಿ. ಚಪ್ಪಲಿ ಬಾಗಿಲಲ್ಲಿನ ಗೂಡಿಗೆ ಹಾಕಿ, ಹಣ ಕೊಟ್ಟು, ಬಟ್ಟೆ ಬಿಚ್ಚಿ ಒಳಗೆ ಹೋಗಿ. ಮೊದಲು ನಲ್ಲಿಯ ಮುಂದಿನ ಸಣ್ಣ ಸ್ಟೂಲಿನ ಮೇಲೆ ಕೂತು ಸೋಪು ಹಚ್ಚಿ ತೊಳೆದುಕೊಳ್ಳಬೇಕು, ನೊರೆ ಒಂದಿಷ್ಟೂ ಉಳಿಯಬಾರದು. ಆಮೇಲೆಯೇ ತೊಟ್ಟಿಗೆ ಇಳಿಯುವುದು. ಉದ್ದ ಕೂದಲು ಮೇಲೆ ಕಟ್ಟಿ, ಸಣ್ಣ ಟವೆಲನ್ನು ನೀರಿಗೆ ಅದ್ದಬೇಡಿ. ನೀರು 40 ಡಿಗ್ರಿ ಮೀರಿರುತ್ತದೆ. ಮೊದಲ ಸಲ ಐದು ನಿಮಿಷ ಸಾಕು, ತಲೆ ಸುತ್ತಿದರೆ ಅಂಚಿನಲ್ಲಿ ಕೂರಿ. ಬಟ್ಟೆ ಹಾಕುವ ಕೋಣೆಗೆ ಬರುವ ಮುಂಚೆ ಮೈ ಒರೆಸಿಕೊಳ್ಳಿ. ಸೋಪು, ಟವೆಲು ನಿಮ್ಮವೇ ಇದ್ದರೆ ಒಳ್ಳೆಯದು. ಈ ಭಾಗದ ಸೆಂತೊಗಳಲ್ಲಿ ಸಣ್ಣ ವಿದ್ಯುತ್ ಹರಿಸುವ ಒಂದು ತೊಟ್ಟಿ ಇರುತ್ತದೆ. ಪೇಸ್‌ಮೇಕರ್ ಅಥವಾ ಹೃದಯದ ತೊಂದರೆ ಇದ್ದವರು ಅದರ ಹತ್ತಿರವೂ ಹೋಗಬಾರದು.

ಕಟ್ಟಡ ನೋಡುವ ಆಸಕ್ತಿಯಿದ್ದರೆ ನಿಶಿಜಿನ್ ಕಡೆಯ ಫುನಾಒಕಾ ಒನ್ಸೆನ್‌ಗೆ ಹೋಗಿ. 1923ರದ್ದು. ಬಟ್ಟೆ ಬಿಚ್ಚುವ ಕೋಣೆಯಲ್ಲಿ ಮೇಲ್ಗಡೆಯ ಮರದ ಕೆತ್ತನೆ, ಗೋಡೆಯ ಬಣ್ಣದ ಟೈಲು ನೋಡುತ್ತ ನಿಂತರೆ ಹೊತ್ತು ಹೋಗುವುದು ತಿಳಿಯದು.

ಲಾಂಡ್ರಿಗೆ ಹೋಗುವಾಗಲೂ ಪಾಸ್‌ಪೋರ್ಟ್ ಬೇಕೇ?

ಬೇಕು. ಪ್ರವಾಸಿಗರು ಅದನ್ನು ಸದಾ ಜೊತೆಗಿಟ್ಟುಕೊಳ್ಳಬೇಕೆಂದು ಕಾನೂನೇ ಇದೆ, ಫೋಟೋಕಾಪಿ ನಡೆಯದು.

ಏನಾದರೂ ಕಳೆದುಹೋದರೆ?

ಹತ್ತಿರದ ಕೋಬಾನ್ ಎಂಬ ಪೊಲೀಸ್ ಚೌಕಿಗೆ ಹೋಗಿ. ಎಲ್ಲಿ, ಎಷ್ಟು ಗಂಟೆಗೆ, ಯಾವ ಬಣ್ಣದ್ದು ಎಂದು ಬರೆದುಕೊಳ್ಳುತ್ತಾರೆ. ಸಿಕ್ಕಿದ ವಸ್ತುವನ್ನು ಪೊಲೀಸರು ಮೂರು ತಿಂಗಳು ಇಟ್ಟುಕೊಳ್ಳುತ್ತಾರೆ. ಬಸ್ಸಿನಲ್ಲೋ ರೈಲಿನಲ್ಲೋ ಬಿಟ್ಟಿದ್ದರೆ ಮೊದಲು ಆ ಸಾರಿಗೆಯವರನ್ನೇ ಕೇಳಬೇಕು. ಬಸ್ಸಿನ ನಂಬರ್, ಇಳಿದ ಹೊತ್ತು ಹೇಳಿದರೆ ಬೇಗ ಪತ್ತೆಯಾಗುತ್ತದೆ. ಹೋಟೆಲಿನ ಕೌಂಟರಿನವರು ನಿಮ್ಮ ಪರವಾಗಿ ಫೋನು ಮಾಡಿ ಕೊಡುತ್ತಾರೆ. ತುರ್ತಿಗೆ ಪೊಲೀಸ್ 110, ಆಂಬುಲೆನ್ಸ್ 119. ಮನೆಯವರಿಗೆ ತಿಳಿಸುವಾಗ ಜಪಾನು ಮೂರೂವರೆ ಗಂಟೆ ಮುಂದಿದೆ ಎಂಬುದು ನೆನಪಿರಲಿ: ಅಲ್ಲಿ ಬೆಳಿಗ್ಗೆ ಒಂಬತ್ತಾದರೆ ನಮ್ಮಲ್ಲಿ ಇನ್ನೂ ಐದೂವರೆ.